ಆಯಾ, ಮನೆ ಡೇ ಕೇರ್, ದೊಡ್ಡ ಸೆಂಟರ್: ಮೂರನ್ನೂ ಮಾಡಿ ನೋಡಿದ ಮೇಲೆ

ಮಗಳಿಗೆ ಏಳು ತಿಂಗಳು ತುಂಬಿದಾಗ ನಾನು ಕೆಲಸಕ್ಕೆ ವಾಪಸ್ ಹೋದೆ. ಈಗ ಅವಳಿಗೆ ಮೂರೂವರೆ ವರ್ಷ. ಈ ನಡುವೆ ಮೂರು ಏರ್ಪಾಡು ಮಾಡಿ ನೋಡಿದ್ದೇವೆ. ಮೊದಲು ಮನೆಗೇ ಬರುವ ಆಯಾ, ಆಮೇಲೆ ಒಬ್ಬರು ತಮ್ಮ ಮನೆಯಲ್ಲೇ ನಡೆಸುವ ಸಣ್ಣ ಡೇ ಕೇರ್, ಈಗ ದೊಡ್ಡ ಡೇ ಕೇರ್ ಸೆಂಟರ್. ಅಜ್ಜಿ ತಾತ ಹತ್ತಿರ ಇಲ್ಲ, ಹಾಗಾಗಿ ಆ ದಾರಿ ಇರಲಿಲ್ಲ. ಇದ್ಯಾವುದೂ ಯೋಚಿಸಿ ಹಾಕಿದ ಪ್ಲಾನ್ ಅಲ್ಲ. ಒಂದು ಕೈಕೊಟ್ಟಾಗ ಇನ್ನೊಂದನ್ನು ಹುಡುಕಿದ್ದು, ಅಷ್ಟೇ.

ಆಯಾ ಇದ್ದದ್ದು ಆರು ತಿಂಗಳು. ಸುಖ ಅಂದರೆ ಅದೇ. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಓಡುವ ಗಡಿಬಿಡಿ ಇಲ್ಲ. ಮಗು ತನ್ನ ಹೊತ್ತಿಗೆ ಏಳುತ್ತೆ, ತನ್ನ ಹೊತ್ತಿಗೆ ಮಲಗುತ್ತೆ. ನೆಗಡಿಯೂ ಕಡಿಮೆ. ಆಕೆ ಒಳ್ಳೆಯವರು, ಮಗುವಿನ ಜೊತೆ ಇಡೀ ದಿನ ಮಾತಾಡುತ್ತಿದ್ದರು. ಆದರೆ ಆಕೆಗೆ ಜ್ವರ ಬಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ರಜೆ. ಬೆಳಿಗ್ಗೆ ಏಳು ಗಂಟೆಗೆ ಯಾರ ಮೀಟಿಂಗ್ ದೊಡ್ಡದು ಅಂತ ಗಂಡನ ಜೊತೆ ಜಗಳ. ಇನ್ನೊಂದು ಕಷ್ಟ, ಮನೆಯೊಳಗೆ ಏನು ನಡೆಯುತ್ತಿದೆ ಅಂತ ನೋಡಲು ಬೇರೆ ಯಾರೂ ಇಲ್ಲ. ಆಕೆಗೆ ಹೇಳಿಯೇ ಕ್ಯಾಮೆರಾ ಹಾಕಿಸಿದೆವು. ಆಮೇಲೆ ನಾನು ಆಫೀಸಿನಲ್ಲಿ ಕೆಲಸ ಬಿಟ್ಟು ಮೊಬೈಲ್ ನೋಡುತ್ತಾ ಕೂರತೊಡಗಿದೆ! ಕೊನೆಗೆ ಆಕೆಗೆ ಬೇರೆ ಕೆಲಸ ಸಿಕ್ಕಿತು. ಒಂದು ವಾರದಲ್ಲಿ ಹೊರಟರು.

ಆ ವಾರ ಸಿಕ್ಕಿದ್ದು ಮನೆ ಡೇ ಕೇರ್. ಐದು ಮಕ್ಕಳು, ನೋಡಿಕೊಳ್ಳೋದು ಅದನ್ನು ನಡೆಸುವಾಕೆ ಮತ್ತು ಒಬ್ಬ ಸಹಾಯಕಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಡೇ ಕೇರ್‌ಗಳಿಗೆ ಹೇಳುವ ಲೆಕ್ಕ ನನಗೆ ಆಗಲೇ ಬಾಯಿಪಾಠ ಆಗಿತ್ತು. ಒಂದು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, ಆಮೇಲೆ ಮೂರು ವರ್ಷ ತುಂಬುವ ತನಕ 4 ಮಕ್ಕಳಿಗೆ ಒಬ್ಬರು. ಈ ಮನೆ ಅದರೊಳಗೇ ಇತ್ತು. ಆದರೆ ನಾನು ಒಪ್ಪಿದ್ದು ಲೆಕ್ಕ ನೋಡಿ ಅಲ್ಲ, ಡೈಪರ್ ಬದಲಿಸೋದನ್ನು ನೋಡಿ. ಆಕೆ ಮಗುವನ್ನು ಮಲಗಿಸಿ, "ಈಗ ಕಾಲು ಎತ್ತೋಣವಾ?" ಅಂತ ಕೇಳಿ, ಒಂದು ಕ್ಷಣ ಕಾದರು. ಆ ಮಗು ತಾನೇ ಕಾಲು ಎತ್ತಿತು. ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರು ಮಾಡಿದ ಮಕ್ಕಳ ಮನೆಯಲ್ಲಿ ದಾದಿಯರಿಗೆ ಕಲಿಸುತ್ತಿದ್ದದ್ದು ಇದನ್ನೇ. ಹೇಳಿ ಮಾಡು, ಕಾದು ಮಾಡು, ಅವಸರ ಬೇಡ. ಈಕೆ ಪಿಕ್ಲರ್ ಹೆಸರನ್ನೇ ಕೇಳಿರಲಿಲ್ಲ.

ಬಿಟ್ಟು ಬರುವ ಕ್ರಮವನ್ನೂ ಆಕೆಯೇ ಹೇಳಿದರು. ಮೂರು ದಿನ ನಾನೂ ಜೊತೆಗೆ ಕೂರಬೇಕು. ನಾಲ್ಕನೇ ದಿನ ಸ್ವಲ್ಪ ಹೊತ್ತು ಮಾತ್ರ ಹೊರಗೆ ಹೋಗಬೇಕು, ಅದೂ ಟಾಟಾ ಹೇಳಿಯೇ. ಕದ್ದು ಓಡುವಂತಿಲ್ಲ. ಜರ್ಮನಿಯಲ್ಲಿ ಇದಕ್ಕೆ ಬರ್ಲಿನ್ ಮಾದರಿ ಅಂತ ಹೆಸರೇ ಇದೆ. ಮಗಳಿಗೆ ಆಗ 13 ತಿಂಗಳು. ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟಿರಲು ತುಂಬಾ ಅಳುವ ವಯಸ್ಸೇ ಅದು. ಎರಡು ವಾರ ಅತ್ತಳು. ಮೂರನೇ ವಾರ ಆಕೆಯ ಸೆರಗು ಹಿಡಿದು ನನಗೇ ಟಾಟಾ ಮಾಡಿದಳು. ಖುಷಿ ಆಯಿತು, ಹೊಟ್ಟೆಯೂ ಉರಿಯಿತು.

ಕೊರತೆ ಇರಲಿಲ್ಲ ಅಂತಲ್ಲ. ಆಕೆಯ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಬಾಗಿಲು ಬಂದ್. ಎರಡು ವರ್ಷ ದಾಟಿದ ಮೇಲೆ ಮಗಳಿಗೆ ಆ ಎರಡು ರೂಮು ಸಾಲದೆ ಹೋಯಿತು. ಸಣ್ಣ ಮಕ್ಕಳ ಮೇಲೆ ಹತ್ತಿ ಕುಣಿಯುತ್ತಿದ್ದಳು.

ಸೆಂಟರ್‌ಗಳಲ್ಲಿ ಎರಡನ್ನು ನೋಡಿದೆವು. ಒಂದರಲ್ಲಿ ಗೋಡೆ ತುಂಬಾ ಬಣ್ಣ, ಗಂಟೆಗೊಂದು ಫೋಟೋ ಕಳಿಸುವ ಆಪ್, ಒಳಗೆಲ್ಲ ತೋರಿಸಲು ಸೂಟು ಹಾಕಿದ ಮ್ಯಾನೇಜರ್. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಚೆಂದ. ಮರುದಿನ ಸಂಜೆ ಐದೂವರೆಗೆ ಹೇಳದೇ ಹೋದೆ. ಹನ್ನೊಂದು ಮಕ್ಕಳು ಟಿವಿ ಮುಂದೆ ಸಾಲಾಗಿ ಕೂತಿದ್ದರು, ನೋಡಿಕೊಳ್ಳಲು ಒಬ್ಬಳೇ ಹುಡುಗಿ. "ಮೊದಲು ಫೋನ್ ಮಾಡಿ ಬನ್ನಿ ಮೇಡಂ" ಅಂದರು. ಅಲ್ಲಿಗೆ ಮುಗಿಯಿತು.

ಇನ್ನೊಂದರ ಬಣ್ಣ ಮಾಸಿತ್ತು. ಆದರೆ ಮಕ್ಕಳನ್ನು ಎತ್ತಿಕೊಂಡವರನ್ನೇ ನೇರವಾಗಿ ಕೇಳಿದೆ, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತ. ಒಬ್ಬರು ಆರು, ಒಬ್ಬರು ಒಂಬತ್ತು ಅಂದರು. ಸೇರಿಸಿದೆವು. ಯಾರೋ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರುತ್ತಾರೆ, ಈ ನಿಶ್ಚಿಂತೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮಾತು, ಹಾಡು, ಸರದಿಯಲ್ಲಿ ಕಾಯೋದು, ಎಲ್ಲ ಇಲ್ಲಿ ಬೇಗ ಬಂತು. ನೆಗಡಿಯೂ ಬಂತು. ಮೊದಲ ನಾಲ್ಕು ತಿಂಗಳು ಮೂಗು ಒಣಗಿದ್ದೇ ಇಲ್ಲ. ಜ್ವರ ಬಿಟ್ಟು 24 ಗಂಟೆ ಆಗುವ ತನಕ ಸೇರಿಸಿಕೊಳ್ಳಲ್ಲ ಅನ್ನೋದು ಅವರ ನಿಯಮ. ಒಳ್ಳೆಯ ನಿಯಮವೇ, ರಜೆ ಮುಗಿದಾಗ ಮಾತ್ರ ಸಿಟ್ಟು ಬರುತ್ತೆ.

ಒಂದು ವಿಷಯಕ್ಕೆ ಮಾತ್ರ ಹೆದರಿಕೆ ಇತ್ತು. ಅಮೆರಿಕದಲ್ಲಿ 1991ರಿಂದ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ದೊಡ್ಡ ಅಧ್ಯಯನವೊಂದಿದೆ. ಅಮ್ಮನೊಬ್ಬಳೇ ನೋಡಿಕೊಂಡ ಮಕ್ಕಳಿಗೂ ಬೇರೆಯವರೂ ನೋಡಿಕೊಂಡ ಮಕ್ಕಳಿಗೂ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಮನೆಯ ವಾತಾವರಣದ ಪ್ರಭಾವವೇ ಜಾಸ್ತಿ ಅಂತ ಅದರಲ್ಲಿ ಬಂತು. ಅದನ್ನು ಓದಿದ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಆದರೆ ಸೆಂಟರ್‌ಗಳಲ್ಲಿ ತುಂಬಾ ಹೊತ್ತು ಕಳೆದ ಮಕ್ಕಳಲ್ಲಿ ಹಟ, ಜಗಳ ತುಸು ಜಾಸ್ತಿ ಅಂತಲೂ ಅದರಲ್ಲೇ ಇತ್ತು. ಗಂಡ ತನ್ನ ಶಿಫ್ಟ್ ಬೆಳಿಗ್ಗೆಗೆ ಬದಲಿಸಿಕೊಂಡರು. ಈಗ ನಾಲ್ಕಕ್ಕೆಲ್ಲ ಮಗಳು ಮನೆಯಲ್ಲಿ.

ನಮಗೆ ಎರಡನೇ ಮಗು ಬರಲಿದೆ. ಈ ಸಲ ಗೊಂದಲ ಇಲ್ಲ. ಎರಡು ವರ್ಷದ ತನಕ ಆ ಮನೆ ಡೇ ಕೇರ್, ಆಮೇಲೆ ಈ ಮಾಸಿದ ಬಣ್ಣದ ಸೆಂಟರ್. ಹೋದ ವಾರ ಮನೆ ಡೇ ಕೇರ್ ನಡೆಸುವಾಕೆಗೆ ಫೋನ್ ಮಾಡಿದ್ದೆ. ಸದ್ಯ ಜಾಗ ಇಲ್ಲ, ನಿಮ್ಮ ಮುಂದೆ ಇನ್ನೂ ಇಬ್ಬರಿದ್ದಾರೆ ಅಂದರು. ಹೆಸರು ಬರೆಸಿದ್ದೇನೆ.