ಹೊಸ ಪ್ರತಿಯೋ, ಹಳೇ ಪ್ರತಿಯೋ: ಎರಡನ್ನೂ ಕೊಂಡು ನೋಡಿದ್ದು

ಒಂದೇ ಕಾದಂಬರಿಯ ಎರಡು ಪ್ರತಿಗಳು ನನ್ನ ಮೇಜಿನ ಮೇಲಿವೆ. ಒಂದು ಹೊಸದು, ಇನ್ನೊಂದು ಯಾರೋ ಓದಿ ಮಾರಿದ್ದು. ಬೇಕಂತಲೇ ಎರಡು ಕೊಂಡದ್ದಲ್ಲ. ಹಳೇದನ್ನು ಎಲ್ಲೋ ಇಟ್ಟು ಮರೆತು ಹೊಸದು ತಂದೆ. ವಾರ ಕಳೆಯುವಷ್ಟರಲ್ಲಿ ಹಳೇದು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಹೇಗೂ ಎರಡೂ ಇವೆಯಲ್ಲ ಅಂತ ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ಓದಿದೆ.

ಕೈಗೆ ಹಿತವಾಗಿದ್ದು ಹಳೇದು. ಕಾರಣ ಬೈಂಡಿಂಗ್. ಹಳೇದು ಹೊಲಿಗೆಯದ್ದು. ನಡುವೆ ತೆರೆದು ಮೇಜಿನ ಮೇಲಿಟ್ಟರೆ ಹಾಗೇ ಬಿದ್ದಿರುತ್ತದೆ. ಹೊಸದು ಬರೀ ಅಂಟಿನ ಮೇಲೆ ನಿಂತಿದೆ. ಹೆಬ್ಬೆರಳಲ್ಲಿ ಒತ್ತಿ ಹಿಡಿಯದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಜಾಸ್ತಿ ಅಗಲಿಸಿದೆ ನೋಡಿ, ಬೆನ್ನಲ್ಲಿ ಟಕ್ ಅಂತ ಸದ್ದಾಯಿತು. ಆವತ್ತಿನಿಂದ ಎಲ್ಲಿ ತೆರೆದರೂ 112ನೇ ಪುಟಕ್ಕೇ ಬಂದು ನಿಲ್ಲುತ್ತದೆ. ಅಂಟಿನ ಬೈಂಡಿಂಗ್‌ನಲ್ಲಿ ಸಾಮಾನ್ಯವಾಗಿ ಮಡಿಕೆಯನ್ನೇ ಕತ್ತರಿಸಿ, ಬಿಡಿ ಹಾಳೆಗಳ ಅಂಚಿಗೆ ಅಂಟು ಹಾಕಿರುತ್ತಾರೆ. ಅಂಟು ಒಣಗಿ ಬಿರುಕು ಬಿಟ್ಟರೆ ಹಾಳೆ ಕೈಗೇ ಬರುತ್ತದೆ. ಹಾಗಂತ ಹಳೇದೆಲ್ಲ ಹೊಲಿಗೆಯದ್ದಲ್ಲ, ಹೊಸದೆಲ್ಲ ಅಂಟಿನದ್ದೂ ಅಲ್ಲ. ಕೊಳ್ಳುವ ಮುಂಚೆ ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಸಣ್ಣ ಸಣ್ಣ ಕಟ್ಟುಗಳಾಗಿ ಕಂಡರೆ ಹೊಲಿದಿರಬಹುದು. ಕಟ್ಟಿನ ನಡುವಿನ ಹಾಳೆ ತೆರೆದಾಗ ದಾರ ಕಂಡರೆ ಆಯ್ತು, ಖಾತ್ರಿ.

ಕಾಗದದಲ್ಲಿ ಮಾತ್ರ ಹಳೇದು ಸೋತಿತು. ಗುರುತಿಗೆಂದು ಒಂದು ಮೂಲೆ ಮಡಿಸಿದೆ, ಒಣಗಿದ ಎಲೆಯ ಹಾಗೆ ಮುರಿದು ಬಂತು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿದರೆ ಹಳದಿಯಾಗುತ್ತದೆ. ಶಾಯಿ ಹರಡಬಾರದೆಂದು ಪಟಿಕ ಬಳಸಿ ಮಾಡಿದ ಹಳೇ ಕಾಗದದಲ್ಲಿ ಆಮ್ಲ ಬೇರೆ ಇರುತ್ತದೆ, ವರ್ಷಗಟ್ಟಲೆ ಒಳಗಿಂದಲೇ ತಿನ್ನುತ್ತದೆ. ಹಳೇ ಪುಸ್ತಕದ ಆ ಸಿಹಿ ವಾಸನೆಯೂ ಕಾಗದ ಹೀಗೆ ಕೆಡುವುದರಿಂದಲೇ ಬರುವುದು. ನನಗೂ ಅದು ಇಷ್ಟವೇ, ಸುಳ್ಳು ಯಾಕೆ ಹೇಳಲಿ. ಮುಗ್ಗಲು ವಾಸನೆ ಬೇರೆ. ಅದು ಬೂಷ್ಟಿನದ್ದು. ಮೂಗಿಗೆ ಬಡಿದರೆ ಬಿಟ್ಟು ಬನ್ನಿ, ಇಲ್ಲದಿದ್ದರೆ ಪಕ್ಕದ ಪುಸ್ತಕಗಳಿಗೂ ಹತ್ತಬಹುದು.

ಹುಳದ ಭಯ ಇರುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ತಣ್ಣಗಿರುವಾಗಲೇ ಬಿಚ್ಚಿದರೆ ಹಾಳೆಯ ಮೇಲೆ ನೀರಿನ ಪಸೆ ಕೂರುತ್ತದೆ. ಮನೆಯವರು ನಗುತ್ತಾರೆ, ನಗಲಿ.

ಹಳೇ ಪುಸ್ತಕ ನನಗೆ ನಿಜವಾಗಿ ಕೈಕೊಟ್ಟಿದ್ದು ಒಂದೇ ಸಲ. ಪತ್ತೇದಾರಿ ಕಾದಂಬರಿ. ಹೊರಗಿನಿಂದ ಏನೂ ಊನವಿಲ್ಲ. ರಾತ್ರಿ ಹನ್ನೊಂದಕ್ಕೆ 160ನೇ ಪುಟ ಮುಗಿಸಿದೆ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದ್ದಾರೆ, ಪತ್ತೇದಾರ ಗಂಟಲು ಸರಿಮಾಡಿಕೊಂಡಿದ್ದಾನೆ. ಎದುರಿನ ಪುಟ ನೋಡಿದರೆ 177! ಅಲ್ಲಿ ಎಲ್ಲರೂ ಸಾಮಾನು ಕಟ್ಟಿಕೊಂಡು ಊರಿಗೆ ಹೊರಟಿದ್ದಾರೆ. ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಒಂದು ಕಟ್ಟಿಗೆ ಫಾರಂ ಅಂತಾರೆ, ಅದಕ್ಕೆ ಸಾಮಾನ್ಯವಾಗಿ 16 ಪುಟ. ಹೊಲಿಗೆ ಸಡಿಲವಾದರೆ ಫಾರಂಗೆ ಫಾರಂ ಉದುರುತ್ತದೆ, ಒಂದೆರಡು ಹಾಳೆಯಲ್ಲ. ಹೊಲಿಗೆಯನ್ನು ಅಷ್ಟು ಹೊಗಳಿದ ಮೇಲೆ ಇದನ್ನೂ ಹೇಳಬೇಕಲ್ವಾ. ಈಗ 16, 32, 48 ಅಂತ ಫಾರಂ ಮುಗಿಯುವ ಕಡೆ ಪುಟಸಂಖ್ಯೆ ನೋಡಿಕೊಂಡೇ ದುಡ್ಡು ಕೊಡುತ್ತೇನೆ. ಎರಡು ನಿಮಿಷದ ಕೆಲಸ. ಹೊಸದರಲ್ಲೂ ಪುಟ ತಪ್ಪಿರುವುದುಂಟು, ಆದರೆ ಬಿಲ್ ಇದ್ದರೆ ಬದಲಾಯಿಸಿಕೊಳ್ಳಲು ಕೇಳಬಹುದು.

ಕಾನೂನು, ವೈದ್ಯಕೀಯ, ಕಂಪ್ಯೂಟರ್, ಪರೀಕ್ಷೆಯ ಪುಸ್ತಕಗಳಾದರೆ ಯೋಚನೆಯೇ ಬೇಡ, ಹೊಸದೇ. ತಿದ್ದುಪಡಿಯಾದ ಕಾನೂನಿನ ಹಳೇ ಆವೃತ್ತಿ ಪುಕ್ಕಟೆ ಸಿಕ್ಕರೂ ದುಬಾರಿ. ಆನ್‌ಲೈನ್‌ನಲ್ಲಿ ಹಳೇದು ಕೊಳ್ಳುವವರು ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇರುವ ಪುಟದ ಫೋಟೋ ಕೇಳಿ. ಅದು 13 ಅಂಕಿಗೆ ಬದಲಾಗಿದ್ದು 2007ರ ಜನವರಿಯಲ್ಲಿ. ಬರೀ 10 ಅಂಕಿ ಇದ್ದರೆ ಆ ಪ್ರತಿ ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದು. ಮಾರುವವರ 'ಚೆನ್ನಾಗಿದೆ' ಅನ್ನುವ ಮಾತಿಗಿಂತ ಈ ಒಂದು ಫೋಟೋ ಜಾಸ್ತಿ ಹೇಳುತ್ತದೆ.

ಇನ್ನು ಲೇಖಕರ ಮಾತು. ಮರುಮಾರಾಟದಲ್ಲಿ ಸಾಮಾನ್ಯವಾಗಿ ಅವರಿಗೆ ರಾಯಲ್ಟಿ ಸಿಗುವುದಿಲ್ಲ. ಹಾಗಾಗಿ ಈಗ ಬರೆಯುತ್ತಿರುವವರ ಪುಸ್ತಕ ಹೊಸದೇ ಕೊಳ್ಳುತ್ತೇನೆ, ಮೊದಲ ಪುಸ್ತಕವಾದರಂತೂ ಖಂಡಿತ. ಮರುಮುದ್ರಣ ನಿಂತುಹೋದ ಪುಸ್ತಕಕ್ಕೆ ಹಳೇ ಪ್ರತಿ ಬಿಟ್ಟು ಬೇರೆ ದಾರಿ ಕಡಿಮೆ. ಸ್ಕ್ಯಾನ್ ಮಾಡಿ 'ಹೊಸದು' ಅಂತ ಮಾರುವ ಪ್ರತಿಯೊಂದನ್ನು ತರಿಸಿದ್ದೆ. ಅದರಲ್ಲಿ ಯಾರದೋ ಹೆಬ್ಬೆರಳೂ ಅಚ್ಚಾಗಿತ್ತು.

ಮೇಜಿನ ಮೇಲಿನ ಎರಡರಲ್ಲಿ ಹೊಸದನ್ನು ಗೆಳೆಯನಿಗೆ ಕೊಡುತ್ತಿದ್ದೇನೆ, 112ನೇ ಪುಟದ ವಿಷಯ ಹೇಳಿಯೇ. ಹಳೇದರ ಅಂಚಿನಲ್ಲಿ ಹಿಂದಿನ ಓದುಗರು ಪೆನ್ಸಿಲ್‌ನಲ್ಲಿ 'ಇವಳು ಸುಳ್ಳು ಹೇಳ್ತಿದ್ದಾಳೆ' ಅಂತ ಬರೆದಿದ್ದಾರೆ. ಅದನ್ನು ಕೊಡಲು ಮನಸ್ಸಿಲ್ಲ. ಪತ್ತೇದಾರಿ ಕಾದಂಬರಿಗೂ ಮೊನ್ನೆ ಹೊಸ ಪ್ರತಿ ತಂದೆ. ಅಂಗಡಿಯಲ್ಲೇ ನಿಂತು 161ನೇ ಪುಟ ತೆಗೆದೆ. ನಾನು ಅನುಮಾನಪಟ್ಟಿದ್ದು ಡಾಕ್ಟರ್ ಮೇಲೆ. ಡಾಕ್ಟರ್ ಅಲ್ಲ.