ಬನ್ನಿ ಎಲೆಯ ಅಚ್ಚು: ರಬ್ಬರ್, ಲಿನೋ, ಮೆತ್ತನೆ ಬ್ಲಾಕ್ ಮೂರರಲ್ಲೂ ಕೆತ್ತಿ ನೋಡಿದೆ

ದಸರೆಗೆ ನಮ್ಮ ಕೊಪ್ಪಳದಲ್ಲಿ ಬನ್ನಿ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತೀವಿ. ದೂರದ ಊರಲ್ಲಿ ಇರುವವರಿಗೆ ಎಲೆ ಕಳಿಸಿದರೆ ದಾರಿಯಲ್ಲೇ ಒಣಗಿ ಉದುರುತ್ತದೆ. ಅದಕ್ಕೇ ಹೋದ ವರ್ಷ ಬನ್ನಿ ಎಲೆಯ ಅಚ್ಚು ಕೆತ್ತಿ, ಕೈಯಾರೆ 40 ಕಾರ್ಡ್ ಮಾಡಿ ಕಳಿಸಿದೆ. ಒಂದೇ ಚಿತ್ರವನ್ನು ಮೂರರ ಮೇಲೆ ಕೆತ್ತಿ ನೋಡಿದೆ: ಶಾಲೆ ಮಕ್ಕಳ ಅಳಿಸುವ ರಬ್ಬರ್, ಲಿನೋ ಹಾಳೆ, ಆನ್‌ಲೈನ್‌ನಲ್ಲಿ ತರಿಸಿದ ಗುಲಾಬಿ ಬಣ್ಣದ ಮೆತ್ತನೆ ಬ್ಲಾಕ್. ಅದಕ್ಕೂ ಮೊದಲು ಆಲೂಗಡ್ಡೆ ಕೊರೆದಿದ್ದೆ. ನೀರು ಬಿಟ್ಟು ಸಂಜೆಗೆ ಬಾಡಿತು. ಮಕ್ಕಳ ಆಟಕ್ಕೆ ಸಾಕು, 40 ಕಾರ್ಡಿಗೆ ಆಗಲ್ಲ.

ಬನ್ನಿ ಎಲೆ ನೋಡಲು ಸರಳ, ಕೆತ್ತಲು ಕಷ್ಟ. ಒಂದು ಸಣ್ಣ ದಂಟು, ಅದರ ಎರಡೂ ಬದಿ ಜೀರಿಗೆಗಿಂತ ಸ್ವಲ್ಪ ದೊಡ್ಡ ಎಲೆಗಳು. ಎಲೆಗಳ ನಡುವಿನ ಜಾಗ ಕೂದಲೆಳೆಯಷ್ಟು. ಆ ಜಾಗ ಮುಚ್ಚಿದರೆ ಚಿತ್ರವೇ ಹಾಳು.

ಮೊದಲು ಲಿನೋ ಹಿಡಿದೆ. ಕಲಾ ಶಾಲೆಗಳಲ್ಲಿ ಇದನ್ನೇ ಕೆತ್ತಿಸುತ್ತಾರೆ ಅಲ್ವಾ, ಹಾಗಾಗಿ ಇದೇ ಒಳ್ಳೆಯದು ಅಂದುಕೊಂಡಿದ್ದೆ. ಲಿನೋ ರಬ್ಬರ್ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ನೆಲಕ್ಕೆ ಹಾಸಲು ಕಂಡುಹಿಡಿದದ್ದು. ನಾವು ಚಟ್ನಿಪುಡಿ ಮಾಡುವ ಅಗಸಿ ಇದೆಯಲ್ಲ, ಅದರ ಎಣ್ಣೆಗೆ ಕಾರ್ಕ್ ಪುಡಿ ಸೇರಿಸಿ, ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡುತ್ತಾರೆ. ಎಣ್ಣೆಯದಾದ್ದರಿಂದ ಬಿಸಿಗೆ ಮೆದುವಾಗುತ್ತದೆ. ಮಾಳಿಗೆಯ ಬಿಸಿಲಲ್ಲಿ ಹತ್ತು ನಿಮಿಷ ಇಟ್ಟು ತಂದರೆ ಉಳಿ ಸಲೀಸಾಗಿ ಓಡುತ್ತದೆ. ನಮ್ಮ ಕಡೆ ಬಿಸಿಲಿಗೆ ಏನು ಬರ! ತಣ್ಣಗಾದರೆ ಮತ್ತೆ ಬಿರುಸು. ಆಗ ಜೋರು ಹಾಕಿದರೆ ಉಳಿ ಜಾರುತ್ತದೆ. ಎಡಗೈಯನ್ನು ಯಾವಾಗಲೂ ಉಳಿಯ ಹಿಂದೆಯೇ ಇಟ್ಟುಕೊಳ್ಳಿ.

ಗೆರೆಯೇನೋ ಚೂಪಾಗಿ ಬಂತು. ತೊಂದರೆ ಆದದ್ದು ಒತ್ತುವಾಗ. ಲಿನೋ ಗಟ್ಟಿ, ಕೈಯಿಂದ ಒತ್ತಿದರೆ ಒಂದು ಕಡೆ ಮೂಡಿ ಇನ್ನೊಂದು ಕಡೆ ಮಾಸಲು. ಸ್ಟಾಂಪ್ ಪ್ಯಾಡಿನ ಇಂಕು ಅದರ ಮೇಲೆ ಸರಿಯಾಗಿ ನಿಲ್ಲಲೂ ಇಲ್ಲ. ಅಚ್ಚಿನ ಇಂಕನ್ನು ರೋಲರಿನಿಂದ ಹಚ್ಚಿ, ಮೇಲೆ ಕಾರ್ಡ್ ಇಟ್ಟು ಲಟ್ಟಣಿಗೆ ಉರುಳಿಸಿದ ಮೇಲೆ ಚೆನ್ನಾಗಿ ಬಂತು. ಆದರೆ ಪ್ರತಿ ಕಾರ್ಡಿಗೂ ಇಷ್ಟು ಕೆಲಸ ಅಂದರೆ ಜಾಸ್ತಿಯೇ. ಇನ್ನೊಂದು ತಪ್ಪು ನನ್ನದು. ಕಾರ್ಬನ್ ಹಾಳೆ ಇಟ್ಟು ಚಿತ್ರ ಇಳಿಸಿದ್ದೆ. ಕೆಳಗೆ ಬರೆದ "ಶುಭಾಶಯ" ಉಲ್ಟಾ ಮೂಡಿತು.

ಮೆತ್ತನೆ ಬ್ಲಾಕ್ ಇದಕ್ಕೆ ಪೂರಾ ಬೇರೆ. ಬೆಣ್ಣೆ ಕೊರೆದ ಹಾಗೆ. ಕನ್ನಡದ ಅಕ್ಷರ ಎಲ್ಲಾ ದುಂಡಗೆ ತಾನೇ, ಭ, ಯ ಇಂಥವನ್ನು ಕೆತ್ತಲು ಇಷ್ಟು ಹಿತವಾದದ್ದು ಬೇರೆ ಸಿಗಲಿಲ್ಲ. ಉಳಿ ತಿರುಗಿಸಬೇಡಿ, ಬ್ಲಾಕನ್ನೇ ತಿರುಗಿಸಿ, ಆಗ ದುಂಡು ಒಡೆಯುವುದಿಲ್ಲ. ಆದರೆ ಬನ್ನಿ ಎಲೆಗೆ ಆ ಮೆದುತನವೇ ಮುಳುವಾಯಿತು. ಒತ್ತಿದಾಗ ಎಲೆಗಳು ಅಗಲವಾಗಿ ಒಂದಕ್ಕೊಂದು ಅಂಟಿದವು. ಅವ್ವಗೆ ತೋರಿಸಿದೆ. "ಇದು ಹುಣಸಿ ಎಲಿ ಕಂಡಂಗ ಕಾಣಾಕತ್ತೈತಿ" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಕೊನೆಗೆ 10 ರೂಪಾಯಿಯ ದೊಡ್ಡ ಅಳಿಸುವ ರಬ್ಬರ್. ಬನ್ನಿಗೆ ನನ್ನ ಆಯ್ಕೆ ಇದೇ, ಎರಡು ಮಾತಿಲ್ಲ. ಲಿನೋದಷ್ಟು ಗಟ್ಟಿಯಲ್ಲ, ಬ್ಲಾಕಿನಷ್ಟು ಮೆದುವೂ ಅಲ್ಲ. ಚಿತ್ರ ಇಳಿಸುವುದೂ ಸುಲಭ. ಬಟರ್ ಪೇಪರಿನ ಮೇಲೆ ಪೆನ್ಸಿಲಿನಿಂದ ದಟ್ಟವಾಗಿ ಬರೆದು, ರಬ್ಬರ್ ಮೇಲೆ ಕವುಚಿ, ಉಗುರಿನಿಂದ ಉಜ್ಜಿದರೆ ಸಾಕು. ಚಿತ್ರ ತಾನೇ ಉಲ್ಟಾ ಆಗಿ ಇಳಿಯುತ್ತದೆ, ಕಾರ್ಡಿನ ಮೇಲೆ ನೆಟ್ಟಗೆ ಮೂಡುತ್ತದೆ. ಉಳಿಯೂ ಬೇಡ, ಪೇಪರ್ ಕಟರ್ ಸಾಕು. ಕಟರನ್ನು ನೆಟ್ಟಗೆ ಇಳಿಸಬೇಡಿ. ಗೆರೆಯಿಂದ ಹೊರಗೆ ಓರೆಯಾಗಿ ಕೊಯ್ಯಿರಿ. ಆಗ ಪ್ರತಿ ಎಲೆಯ ಬುಡ ಅಗಲವಾಗಿ ಉಳಿಯುತ್ತದೆ, ಎಷ್ಟು ಒತ್ತಿದರೂ ಬಾಗುವುದಿಲ್ಲ. ಮೆತ್ತನೆ ಬ್ಲಾಕಿನಲ್ಲಿ ನಾನು ನೆಟ್ಟಗೆ ಕೊಯ್ದಿದ್ದೆ, ಅದೂ ಒಂದು ಕಾರಣ ಇರಬೇಕು.

ಹೊಸ ರಬ್ಬರಿನ ಮೇಲೆ ಸಣ್ಣ ಪುಡಿ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ಪ್ಯಾಡಿಗೆ ಒತ್ತಬೇಕು. ಹಸಿರು ಪ್ಯಾಡಿನಲ್ಲಿ ಒತ್ತಿದ ಮೊದಲ ಕಾರ್ಡಿನಲ್ಲೇ ಎಲೆ ಎಲೆ ಬೇರೆಯಾಗಿ ಮೂಡಿತು. ಅವ್ವ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, "ಈಗ ಬನ್ನಿ ಆತು ನೋಡು" ಅಂದಳು. ನಲವತ್ತೂ ಕಾರ್ಡ್ ಒಂದೇ ಸಂಜೆಯಲ್ಲಿ ಮುಗಿದವು. ಅಕ್ಷರ ಮಾತ್ರ ಮೆತ್ತನೆ ಬ್ಲಾಕಿನದೇ.

ರಬ್ಬರಿನ ಕೊರತೆ ಅಂದರೆ ಅಳತೆ. ಬೆರಳುದ್ದಕ್ಕಿಂತ ದೊಡ್ಡ ಚಿತ್ರ ಹಿಡಿಸುವುದಿಲ್ಲ. ಇಟಗಿಯ ಮಹಾದೇವ ಗುಡಿಯ ಕಂಬವನ್ನು ಕಾರ್ಡಿನ ಉದ್ದಕ್ಕೂ ಮೂಡಿಸುವ ಆಸೆ ಇದೆ. 1112ರಲ್ಲಿ ಕಟ್ಟಿದ ಗುಡಿ, ಕಂಬದ ತುಂಬಾ ಸುತ್ತು ಸುತ್ತು ಕೆತ್ತನೆ. ಅದಕ್ಕೆ ಲಿನೋ ಬೇಕೇ ಬೇಕು. ಬೇಸಿಗೆ ಬರಲಿ ಅಂತ ಕಾಯುತ್ತಿದ್ದೇನೆ.

ಇಡುವ ವಿಚಾರ ಒಂದು ಹೇಳಲೇಬೇಕು. ಈ ರಬ್ಬರುಗಳಲ್ಲಿ ಹೆಚ್ಚಿನವು ಪಿವಿಸಿಯವು. ಮೆದುವಾಗಲು ಎಣ್ಣೆಯಂಥದ್ದನ್ನು ಸೇರಿಸಿರುತ್ತಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಅದು ಹೊರಬಂದು ಡಬ್ಬಿಗೇ ಕಚ್ಚಿಕೊಳ್ಳುತ್ತದೆ. ನನ್ನ ಒಂದು ಅಚ್ಚು ಹಾಗೇ ಹೋಯಿತು. ಈಗ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ.