ಉಚಿತ ವಕೀಲರು ಸಿಕ್ಕಿದ್ದು, ನನ್ನ ಎಂವಿಸಿ (ವಾಹನ ಅಪಘಾತ ಪರಿಹಾರದ) ಕೇಸು ಮುಗಿದಿದ್ದು

ಯಜಮಾನರ ಬೈಕಿನಲ್ಲಿ ಹಿಂದೆ ಕೂತಿದ್ದೆ. ಅಡ್ಡರಸ್ತೆಯಿಂದ ನುಗ್ಗಿದ ಕಾರು ಗುದ್ದಿತು. ಬಲಗಾಲಿನ ಮೂಳೆ ಮುರಿದು ರಾಡ್ ಹಾಕಿದರು. ಇನ್ನೂ ವಾರ್ಡಿನಲ್ಲಿ ಮಲಗಿದ್ದಾಗಲೇ ಯಾರೋ ಒಬ್ಬ ಬಂದು ವಕಾಲತ್ತಿಗೆ ಸಹಿ ಕೇಳಿದ. ಪರಿಹಾರದಲ್ಲಿ ನೂರಕ್ಕೆ ಇಪ್ಪತ್ತೈದು ಅವರಿಗಂತೆ. ನಾನು ಸಹಿ ಹಾಕಲಿಲ್ಲ.

ನಾದಿನಿ 15100ಕ್ಕೆ ಫೋನ್ ಮಾಡಿ ವಿಚಾರಿಸಿದಳು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ನನಗೆ ಗೊತ್ತೇ ಇರಲಿಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಆಫೀಸು. ನನಗೆ ಸಿಕ್ಕ ಮೇಡಂ ಮೊದಲು ಕೇಳಿದ್ದು ಅಪಘಾತದ ತಾರೀಖು. ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿದೆ. ಎಫ್‌ಐಆರ್, ಚಾರ್ಜ್‌ಶೀಟ್, ವೂಂಡ್ ಸರ್ಟಿಫಿಕೇಟ್, ಬಿಲ್ಲುಗಳು, ಎಲ್ಲಾ ಜೋಡಿಸಿಕೊಟ್ಟೆವು.

ಕಷ್ಟವಾಗಿದ್ದು ಆದಾಯದ ವಿಷಯ. ನಾನು ಮನೆಯಲ್ಲೇ ಹೊಲಿಯುತ್ತೇನೆ. ಸಂಬಳದ ಚೀಟಿ ಎಲ್ಲಿಂದ ತರಲಿ? "ಅಳತೆ ಬರೆದಿಡೋ ಪುಸ್ತಕ ಇದೆಯಲ್ಲಮ್ಮ, ಅದನ್ನೇ ತನ್ನಿ" ಎಂದರು ಮೇಡಂ. ಮೂರು ವರ್ಷದ ಪುಸ್ತಕ ಒಯ್ದೆ. ಯಾರ ಬ್ಲೌಸು, ಯಾವ ದಿನ, ಎಷ್ಟು ಕೂಲಿ, ಎಲ್ಲಾ ಅದರಲ್ಲಿತ್ತು. ಮೇಡಂ ಒಂದೊಂದು ಪುಟಾನೂ ತಿರುವಿ ಲೆಕ್ಕ ಬರೆದುಕೊಂಡರು. ದುಡ್ಡು ಕೊಟ್ಟು ಇಟ್ಟುಕೊಂಡ ವಕೀಲರೂ ಇಷ್ಟು ತಾಳ್ಮೆಯಿಂದ ನೋಡುತ್ತಿದ್ದರೋ ಇಲ್ಲವೋ.

ಲೆಕ್ಕ ಹೇಗೆ ಎಂದು ನನಗೆ ಅರ್ಥವಾಗುವ ಹಾಗೆ ಹೇಳಿದರು. ಆದಾಯ ತಿಂಗಳಿಗೆ 15,000, ವರ್ಷಕ್ಕೆ 1,80,000. ಡಾಕ್ಟರ್ ಬರೆದ ಅಂಗವಿಕಲತೆ ಶೇ 10. ನನ್ನ ವಯಸ್ಸು 38. ಆ ವಯಸ್ಸಿಗೆ 15ರಿಂದ ಗುಣಿಸಬೇಕು ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಪಟ್ಟಿ ಕೊಟ್ಟಿದೆ. ಅಲ್ಲಿಗೆ 2,70,000. ಆಸ್ಪತ್ರೆ ಖರ್ಚು, ನೋವಿನ ಬಾಬ್ತು ಬೇರೆ.

ಲೋಕ ಅದಾಲತ್‌ನಲ್ಲಿ ಕಾರಿನ ಇನ್ಶೂರೆನ್ಸ್ ಕಂಪನಿಯವರು ಮೂರು ಲಕ್ಷದಿಂದ ಶುರು ಮಾಡಿದರು. ಯಜಮಾನರು ಹೂಂ ಅನ್ನೋಕೆ ಹೊರಟಿದ್ದರು. ಮೇಡಂ ತಡೆದರು. "ಇಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ, ಯೋಚಿಸಿ" ಎಂದರು. ಕೊನೆಗೆ 4,40,000ಕ್ಕೆ ಒಪ್ಪಿದೆವು. ಕೋರ್ಟಿನಲ್ಲೇ ಮುಂದುವರಿಸಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬರುತ್ತಿತ್ತೇನೋ, ಆದರೆ ನಮಗೆ ಕಾಯುವ ಶಕ್ತಿ ಇರಲಿಲ್ಲ.

ಮೇಡಂಗೆ ಒಂದು ರೂಪಾಯಿ ಫೀಸು ಕೊಟ್ಟಿಲ್ಲ, ಅವರು ಕೇಳಲೂ ಇಲ್ಲ. ದುಡ್ಡು ಬಂದ ವಾರವೇ ಹೊಲಿಗೆ ಮಷೀನಿಗೆ ಮೋಟಾರ್ ಹಾಕಿಸಿಕೊಂಡೆ. ಬಲಗಾಲಿನಲ್ಲಿ ಪೆಡಲ್ ತುಳಿಯೋಕೆ ಈಗ ಆಗಲ್ಲ.